ಹಗ್ಗದಂಗಡಿ ಖಾಲಿ ಮಾಡಿಸಿದ ಕತೆ

ತಮಿಳುನಾಡಿನ ಕಾಂಗೇಯದಲ್ಲಿ ನಮ್ಮ ಕುಲದವರ ಅಮ್ಮನ ಗುಡಿಯೊಂದಿದೆ. ಗುಡಿಯ ಗೋಡೆಗೆ ಆತುಕೊಂಡು ರಸ್ತೆಯ ಕಡೆ ಮುಖ ಮಾಡಿದ ಅಂಗಡಿ ಸಾಲು ನಮ್ಮ ಕುಲದ ಸಂಘದ್ದು. ಆ ಸಾಲಿನ ಕೊನೆಯಲ್ಲಿ ಹೋದ ವರ್ಷದವರೆಗೆ ಒಂದು ಹಗ್ಗದಂಗಡಿ ಇತ್ತು. ದನಕ್ಕೆ ಬೇಕಾದ ಮೂಗುದಾರ, ಕೊರಳ ಹಗ್ಗ, ಗೆಜ್ಜೆ, ಗಂಟೆ, ಕೊಂಬಿನ ತುದಿಗೆ ತೊಡಿಸುವ ಹಿತ್ತಾಳೆ ಕಳಸ ಎಲ್ಲವೂ ಅಲ್ಲಿ ಸಿಗುತ್ತಿತ್ತು. ನಡೆಸುತ್ತಿದ್ದವನು ಮುಸಲ್ಮಾನ. ಅವನಿಗಿಂತ ಮೊದಲು ಅವನ ಅಪ್ಪ ಅದೇ ಹಲಗೆಯ ಮೇಲೆ ಕೂತು ಹಗ್ಗ ಹೊಸೆಯುತ್ತಿದ್ದರು. ಊರಿಗೆಲ್ಲ ಅವನು ಭಾಯ್. ನನಗೂ ಭಾಯ್. ಅವನು ನನ್ನನ್ನು ಮಾಪ್ಳೆ, ಅಂದರೆ ಅಳಿಯ, ಎಂದು ನೆಂಟನ ಹಾಗೆ ಕರೆಯುತ್ತಾನೆ.

ಆ ಅಂಗಡಿಯನ್ನು ನಮ್ಮವರು ಖಾಲಿ ಮಾಡಿಸಿದರು. ಬಾಡಿಗೆ ನಿಲ್ಲಿಸಿದ ಎಂದಲ್ಲ, ಯಾರೊಡನೆಯೋ ಜಗಳವಾಡಿದ ಎಂದೂ ಅಲ್ಲ. ಒಂದು ಕತೆಗೋಸ್ಕರ ಖಾಲಿ ಮಾಡಿಸಿದರು, ಆ ಕತೆಗೆ ಚರಿತ್ರೆ ಎಂದು ಹೆಸರಿಟ್ಟರು. ನೆನೆದರೆ ಈಗಲೂ ಕಮಟು ಕೊಬ್ಬರಿ ಕಚ್ಚಿದ ಹಾಗೆ ಬಾಯಿ ಕೆಡುತ್ತದೆ.

ನಾನು ಓದಿದವನಲ್ಲ. ಮಡತ್ತುಕುಳಂ ಬಳಿಯ ಹಳ್ಳಿಯಲ್ಲಿ ಎಂಟನೆಯ ತರಗತಿ ಮುಗಿಯುವ ಮೊದಲೇ ಶಾಲೆ ಬಿಟ್ಟು ಕಾಂಗೇಯದ ಕೊಬ್ಬರಿ ಕಳಕ್ಕೆ ಬಂದೆ. ಕಳ ಎಂದರೆ ಕೊಬ್ಬರಿ ಒಣಗಿಸುವ ಸಿಮೆಂಟಿನ ಅಂಗಳ. ಅಲ್ಲಿ ಕಾಯಿ ಸುಲಿದೆ, ಒಡೆದೆ, ಹೋಳುಗಳನ್ನು ಬಿಸಿಲಿಗೆ ಹರಡಿದೆ, ಮೋಡ ಕಂಡಾಗಲೆಲ್ಲ ಟಾರ್ಪಾಲು ಹಿಡಿದು ಓಡಿದೆ. ಈಗ ಅಂಥದೇ ಒಂದು ಕಳ ನನ್ನದಿದೆ. ಯಾರ ಹಂಗಿಲ್ಲದೆ, ಯಾರ ಮುಂದೆಯೂ ತಲೆ ತಗ್ಗಿಸದೆ ಕಟ್ಟಿದ್ದು. ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ. ನಮ್ಮ ಬಾಯಲ್ಲಿ ಹಕಾರ ಆಗಾಗ ಉದುರುತ್ತದೆ, ಒತ್ತಿ ಹೇಳುವಾಗ ತಮಿಳಿನ ‘ದಾ’ ಸೇರುತ್ತದೆ, ಮಕ್ಕಳನ್ನು ಮುದ್ದಿಗೆ ‘ಕಣ್ಣು’ ಎನ್ನುತ್ತೇವೆ. ನಮ್ಮ ಮನೆಮಾತು ಕನ್ನಡವಾದರೂ ನಮ್ಮವರಲ್ಲಿ ಕನ್ನಡ ಓದಬಲ್ಲವರು ಅಪರೂಪ. ನಾನು ಅಕ್ಷರ ಕಲಿತದ್ದು ತಿಪಟೂರಿನಲ್ಲಿ. ಕೊಬ್ಬರಿ ತರಲು ಹೋದಾಗ ಲಾರಿ ತುಂಬುವವರೆಗೂ ಮಾಡಲು ಕೆಲಸವಿಲ್ಲದೆ ಅಂಗಡಿ ಬೋರ್ಡುಗಳನ್ನು ಒಂದೊಂದೇ ಅಕ್ಷರ ಕೂಡಿಸಿ ಓದುತ್ತಿದ್ದೆ. ಬೋರ್ಡು ಮುಗಿದ ಮೇಲೆ ಪತ್ರಿಕೆ, ಪತ್ರಿಕೆ ಮುಗಿದ ಮೇಲೆ ಪುಸ್ತಕ.

ನನಗೆ ಒಬ್ಬಳೇ ಮಗಳು. ಹನ್ನೆರಡನೆಯ ತರಗತಿಯಲ್ಲಿ ಒಳ್ಳೆಯ ಅಂಕ ತೆಗೆದಳು. ಇನ್ನೇನು, ಕೊಯಮತ್ತೂರಿನ ಯಾವುದಾದರೂ ಇಂಜಿನಿಯರಿಂಗ್ ಕಾಲೇಜು ಎಂದು ನಾನು ಲೆಕ್ಕ ಹಾಕಿಕೊಂಡಿದ್ದೆ. ಅವಳು ಚರಿತ್ರೆ ಓದುತ್ತೇನೆ, ಜೊತೆಗೆ ರಾಜ್ಯಶಾಸ್ತ್ರ, ಎಂದಳು. ನನಗೂ ಮೊದಲು ಹಿಡಿಸಲಿಲ್ಲ. ಆದರೆ ಅವಳ ಹಟ ನನ್ನಿಂದಲೇ ಬಂದದ್ದು, ನಾನು ಏನೆಂದು ಬೈಯಲಿ? ಕೊಯಮತ್ತೂರಿನಲ್ಲೇ ಸೇರಿಸಿದೆ. ಅಲ್ಲಿಂದ ಶುರುವಾಯಿತು ನೆಂಟರ ಕಾಟ. ಮದುವೆ, ಗೃಹಪ್ರವೇಶ, ಸೀಮಂತ, ಎಲ್ಲಿ ಹೋದರೂ ಒಂದೇ ಮಾತು.

"ಮಗ್ಳು ಏನ್ ಓದ್ತಾವ್ಳೆ?"

"ಚರಿತ್ರೆ."

"ಅಯ್ಯೋ ಪಾವಂ. ಮಾರ್ಕು ಬರ್ಲಿಲ್ವಾ?"

ಮಾರ್ಕು ಬಂದಿತ್ತು ಎಂದರೆ ಇನ್ನೂ ಮರುಕ. ಮಾರ್ಕು ಬಂದೂ ಹೀಗಾಯಿತಲ್ಲ ಎಂದು ನನ್ನ ಹೆಂಡತಿಗೆ ಸಮಾಧಾನ ಹೇಳುವರು. ನಮ್ಮ ಸಂಘದ ಅಧ್ಯಕ್ಷ ನನಗೆ ದಾಯಾದಿ ಅಣ್ಣನಾಗಬೇಕು. ಕೊಯಮತ್ತೂರಿನಲ್ಲಿ ಪಂಪು ಮೋಟಾರಿನ ಕಾರ್ಖಾನೆ ನಡೆಸುವವನು, ತಾನೂ ಇಂಜಿನಿಯರು, ಇಬ್ಬರು ಮಕ್ಕಳೂ ಇಂಜಿನಿಯರುಗಳು. ಒಂದು ನಿಶ್ಚಿತಾರ್ಥದ ಊಟದ ಪಂಕ್ತಿಯಲ್ಲಿ ಎಲ್ಲರಿಗೂ ಕೇಳುವಂತೆ ನನ್ನ ಮಗಳನ್ನು ಕೆಣಕಿದ.

"ಏನ್ ಕಣ್ಣು, ಸತ್ತೋದ ರಾಜರ ಎಸ್ರು ಬಾಯಿಪಾಠ ಮಾಡಿ ಯಾರ್ಗೆ ಅನ್ನ ಆಕ್ತೀಯಾ?"

"ಸತ್ತೋದ ರಾಜರು ಇನ್ನೂ ಓಟು ಕೇಳ್ತಾವ್ರಲ್ಲ ದೊಡ್ಡಪ್ಪಾ. ಅದಕ್ಕೇ ಓದ್ತಿವ್ನಿ" ಎಂದಳು.

ಪಂಕ್ತಿ ನಕ್ಕಿತು. ಅವನೂ ನಕ್ಕ. ಆದರೆ ಆ ಮಾತನ್ನು ಅವನು ಮರೆಯಲಿಲ್ಲ.

ನಮ್ಮ ಕಡೆ ಓದಿದವರ ಬಾಯಲ್ಲಿ ಸದಾ ಒಂದು ಮಾತಿರುತ್ತದೆ: ಅರಸಿಯಲ್ ಸಾಕಡೆ. ರಾಜಕೀಯ ಚರಂಡಿ ಎಂದು. ಮೂಗು ಮುಚ್ಚಿಕೊಂಡು ಹೇಳುತ್ತಾರೆ, ತಾವು ಮಾತ್ರ ಅದರಾಚೆಗಿನ ಒಣನೆಲದಲ್ಲಿ ನಿಂತವರ ಹಾಗೆ. ನನ್ನ ಕಳದ ಪಕ್ಕದಲ್ಲೇ ಒಂದು ಚರಂಡಿ ಹರಿಯುತ್ತದೆ. ಅದಕ್ಕೆ ಅತಿ ಹೆಚ್ಚು ಕಸ ಸುರಿಯುವವರು ಯಾರೆಂದು ನಾನು ದಿನವೂ ನೋಡುತ್ತೇನೆ. ನಾರುತ್ತದೆ ಎಂದು ದೂರು ಹೇಳುವವರೂ ಅವರೇ. ಚುನಾವಣೆ ಬಂದರೆ ಈ ಒಣನೆಲದವರೇ ಅಭ್ಯರ್ಥಿಯ ಜೀಪಿನ ಪಕ್ಕದಲ್ಲಿ ಶಾಲು ಹೊದ್ದು ನಿಲ್ಲುತ್ತಾರೆ. ತಮ್ಮ ವಾರ್ಡಿನ ಸಭೆಯಲ್ಲಿ ಏನು ತೀರ್ಮಾನವಾಯಿತು, ಯಾರು ಮಾಡಿದರು ಎಂದು ಕೇಳಿ ನೋಡಿ. ಗೊತ್ತಿಲ್ಲ ಎನ್ನುತ್ತಾರೆ, ಅದೂ ಹೆಮ್ಮೆಯಿಂದ, ಕುಡಿಯುವ ಚಟ ತನಗಿಲ್ಲ ಎಂದು ಹೇಳುವವನ ಹಾಗೆ. ನೆಂಟರ ಮಕ್ಕಳು ಪಂಪಿಗೆ ಬಂದ ಒಂದು ಬೋಲ್ಟು ಯಾವ ಕಾರ್ಖಾನೆಯದು, ಯಾರು ಪರೀಕ್ಷೆ ಮಾಡಿದರು ಎಂದು ಮೇಲಿಂದ ಮೇಲೆ ವಿಚಾರಿಸುತ್ತಾರೆ. ಫೋನಿಗೆ ಬಂದ ಕತ್ತಿ ಹಿಡಿದ ರಾಜನ ಚಿತ್ರ ಯಾವ ಕಾರ್ಖಾನೆಯದು ಎಂದು ಒಂದು ಸಲವೂ ಕೇಳುವುದಿಲ್ಲ. ಕೈಮುಗಿಯುವ ಗುರುತು ಒತ್ತಿ ಮುಂದಿನವರಿಗೆ ಕಳಿಸುತ್ತಾರೆ.

ಈಗ ಆ ಕತೆಗೆ ಬರುತ್ತೇನೆ. ವರ್ಷಕ್ಕೊಮ್ಮೆ ಕುಲದವರೆಲ್ಲ ಅಮ್ಮನ ಗುಡಿಯಲ್ಲಿ ಸೇರಿ ಪೂಜೆ ಮಾಡುತ್ತೇವೆ. ಪೂಜೆ ಮುಗಿದ ಮೇಲೆ, ಊಟಕ್ಕೆ ಮೊದಲು, ಹಿರಿಯರೊಬ್ಬರು ನಾವು ಇಲ್ಲಿಗೆ ಬಂದ ಕತೆ ಹೇಳಬೇಕು. ಬಹಳ ಹಿಂದೆ ನಮ್ಮವರು ಬಡಗಲ ಸೀಮೆಯಲ್ಲಿ ದನ ಸಾಕಿಕೊಂಡಿದ್ದರಂತೆ. ಅಲ್ಲಿನ ದೊರೆ ನಮ್ಮ ಮನೆಯ ಹೆಣ್ಣು ಕೇಳಿದನಂತೆ. ಕೊಡಲು ಮನಸ್ಸಿಲ್ಲ, ಇಲ್ಲ ಎನ್ನಲು ಧೈರ್ಯವಿಲ್ಲ. ಮದುವೆಯ ಚಪ್ಪರ ಹಾಕಿ, ಚಪ್ಪರದ ಕಂಬಕ್ಕೆ ಒಂದು ಹೆಣ್ಣುನಾಯಿ ಕಟ್ಟಿ, ದನ ಹೊಡೆದುಕೊಂಡು ತೆಂಕಲಿಗೆ ಓಡಿದರಂತೆ. ಎದುರಿಗೆ ಹೊಳೆ ತುಂಬಿ ಹರಿಯುತ್ತಿತ್ತಂತೆ. ದಡದ ಹೊಂಗೆಮರ ಬಾಗಿ ಸೇತುವೆಯಾಯಿತಂತೆ. ಅದಕ್ಕೇ ಇಂದಿಗೂ ನಮ್ಮವರು ಹೊಂಗೆಮರಕ್ಕೆ ಕೊಡಲಿ ಹಾಕುವುದಿಲ್ಲ. ನಾನು ಹುಟ್ಟಿದಾಗಿನಿಂದ ಕೇಳಿದ ಕತೆ ಇಷ್ಟೇ. ದೊರೆ ಯಾರೆಂದು ಯಾರೂ ಹೇಳುತ್ತಿರಲಿಲ್ಲ, ಯಾರೂ ಕೇಳುತ್ತಿರಲೂ ಇಲ್ಲ.

ಹೋದ ವರ್ಷ ಪೂಜೆ ಹತ್ತಿರವಾದಾಗ ಮಗಳು ಶನಿವಾರದ ಬಸ್ಸಿಗೆ ಮನೆಗೆ ಬಂದಳು. ಬಂದವಳೇ ನನ್ನ ತಾಯಿಯ ಮಂಚದ ಮೇಲೆ ಹತ್ತಿ ಕೂತು ಕತೆ ಕೆದಕಿದಳು. ಅವಳ ತರಗತಿಯಲ್ಲಿ ಇಂಥ ಕತೆಗಳ ಪಾಠ ನಡೆಯುತ್ತಿತ್ತು.

"ಆ ಒಳೆ ಯಾವ್ದು ಅಜ್ಜೀ?"

"ಅಮರಾವತಿ ದಾ. ಬೇರೆ ಯಾವ ಒಳೆ ಐತೆ?" ನನ್ನ ತಾಯಿ ಕಂಡ ಹೊಳೆ ಅದೊಂದೇ.

"ದೊರೆ ಯಾರು? ನಮ್ಮವ್ನಾ, ಭಾಯ್ಗಳವ್ನಾ?"

"ದೊರೆಗೆ ಏನ್ ಜಾತಿ ಕಣ್ಣು? ಎಣ್ಣು ಕೇಳೋ ಬಾಯೆಲ್ಲ ಒಂದೇ ಬಾಯಿ."

"ನಿಮ್ಮಜ್ಜಿ ಎಂಗೆ ಏಳ್ತಿದ್ರು?"

"ಅಣೆ ತುಂಬಾ ಈಬೂತಿ ಬಳ್ಕೊಂಡು ಬಿಳೀ ಕುದುರೆ ಮ್ಯಾಲೆ ಬಂದ ಅಂತ ಏಳೋರು. ಬುಡು, ಎಲೆಡಿಕೆ ಡಬ್ಬಿ ತಕ್ಕೊಡು."

ಮಗಳು ನನ್ನ ಕಡೆ ತಿರುಗಿದಳು. ಇದೇ ಕತೆಯನ್ನು ನೇಕಾರರೂ ಹೇಳುತ್ತಾರಂತೆ, ಕುರುಬರೂ ಹೇಳುತ್ತಾರಂತೆ, ತೆಲುಗು ಮಾತಾಡುವವರೂ ಹೇಳುತ್ತಾರಂತೆ. ಎಲ್ಲರಿಗೂ ಒಂದು ಹೊಳೆ, ಒಂದು ಮರ. ದೊರೆ ಮಾತ್ರ ಒಂದೊಂದು ಕಡೆ ಒಬ್ಬೊಬ್ಬ.

"ಹಂಗಾದ್ರೆ ಸುಳ್ಳಾ ನಮ್ಮ ಕತೆ?" ನನಗೆ ಸ್ವಲ್ಪ ಕೋಪವೇ ಬಂದಿತ್ತು.

"ಸುಳ್ಳು ಅಂತ ಏಳ್ತಿಲ್ಲಪ್ಪಾ. ದೊರೆ ಯಾರು ಅಂತ ಈ ಕತೆಗೇ ತಿಳೀದು. ಕತೆಗೆ ತಿಳಿದಿರೋದು ಬೇರೆ. ದೊರೆಗೆ ಇಲ್ಲ ಅನ್ನಕ್ಕೆ ಅವತ್ತು ನಮ್ಮೋರ್ಗೆ ಒಂದೇ ದಾರಿ ಇತ್ತು, ಓಡೋದು."

"ಇವತ್ತು?"

"ಇವತ್ತು ಕೂತ ಜಾಗದಲ್ಲೇ ಇಲ್ಲ ಅನ್ಬೌದು. ಅನ್ನೋರು ಎಷ್ಟು ಜನ ಅವ್ರೆ, ನೀವೇ ಏಳಿ."

ನಾನು ಎದ್ದು ಹೊರಟೆ. ಕಳದಲ್ಲಿ ಕೊಬ್ಬರಿ ಹೊರಳಿಸುವ ಹೊತ್ತಾಗಿತ್ತು. ಆದರೆ ಹೊರಳಿಸುತ್ತಾ ಅದನ್ನೇ ಯೋಚಿಸಿದೆ. ಈ ಕತೆಯನ್ನು ಅಷ್ಟು ವರ್ಷ ಕೇಳಿಯೂ ಅದರಲ್ಲಿ ಹೀಗೊಂದು ಮಾತಿದೆ ಎಂದು ನನಗೆ ಹೊಳೆದಿರಲಿಲ್ಲ. ಮರ ಬಾಗಿತು ಎಂದರೆ ಸಾಕಿತ್ತು, ಕೈ ಮುಗಿಯುತ್ತಿದ್ದೆ.

ಮುಂದಿನ ವಾರ ಅಧ್ಯಕ್ಷ ಬಿಳಿ ಕಾರಿನಲ್ಲಿ ನನ್ನ ಕಳಕ್ಕೆ ಬಂದ. ಮೂಟೆಯ ಮೇಲೆ ಕೂರಲು ಹೇಳಿದರೆ ಕರವಸ್ತ್ರ ಹಾಸಿಕೊಂಡ. ಒಂದು ಪಕ್ಷದ ಟಿಕೆಟ್ಟಿಗಾಗಿ ಅವನು ಓಡಾಡುತ್ತಿದ್ದುದು ಕಾಂಗೇಯಕ್ಕೆಲ್ಲ ಗೊತ್ತಿತ್ತು. ಕುಲದ ಜನ ತನ್ನ ಬೆನ್ನಿಗಿದ್ದಾರೆ ಎಂದು ಮೇಲಿನವರಿಗೆ ತೋರಿಸಲು ಅವನಿಗೊಂದು ಸಭೆ ಬೇಕಿತ್ತು. ಫೋನು ತೆಗೆದು ಒಂದು ಚಿತ್ರ ತೋರಿಸಿದ. ಪೂಜೆಯ ದಿನ ಫ್ಲೆಕ್ಸ್ ಮಾಡಿಸಿ ಕಟ್ಟುವ ಚಿತ್ರ. ಅದರಲ್ಲಿ ನಮ್ಮವರು ದನ ಹೊಡೆದುಕೊಂಡು ಓಡುತ್ತಿದ್ದಾರೆ; ಹಿಂದೆ ಕುದುರೆಯ ಮೇಲೆ ಹಸಿರು ಪೇಟ, ಉದ್ದ ಗಡ್ಡ, ಕೆಂಪು ಕಣ್ಣಿನ ಒಬ್ಬ ಕತ್ತಿ ಬೀಸುತ್ತಿದ್ದಾನೆ.

"ಇದ್ಯಾರಣ್ಣಾ?"

"ದೊರೆ. ನಮ್ಮ ಎಣ್ಣು ಕೇಳ್ದೋನು."

"ಇವ್ನೇ ಅಂತ ಯಾರು ಏಳಿದ್ದು?"

"ಎಲ್ಲಾರ್ಗೂ ತಿಳ್ದದ್ದು ದಾ ತಮ್ಮಾ. ಕೇಳು, ಹಗ್ಗದಂಗಡಿ ಜಾಗ್ದಲ್ಲಿ ಚರಿತ್ರೆ ಮಂಟಪ ಮಾಡ್ಬೇಕು. ಅಮ್ಮನ ಬಾಗ್ಲಲ್ಲಿ ಅವ್ನ ಅಂಗ್ಡಿ ಇರ್ಬಾರ್ದು. ಸಭೇಲಿ ನೀನು ಮೊದ್ಲು ಒಪ್ಪಿದ್ರೆ ಕಾಂಗೇಯದೋರು ಎಲ್ಲಾ ಒಪ್ತಾರೆ."

"ಅವ್ನೇನ್ ಮಾಡ್ದ?"

"ಅವ್ನೇನೂ ಮಾಡಿಲ್ಲ. ಅವ್ರ ಹಿಂದಿನೋರು ಮಾಡಿದ್ದು."

"ಅವ್ರಪ್ಪನ್ನ ನಾನು ನೋಡಿವ್ನಿ. ಹಗ್ಗ ಹೊಸೆಯೋದು ಬುಟ್ರೆ ಏನೂ ಮಾಡ್ದೋರಲ್ಲ."

"ಅಪ್ಪ ಅಲ್ಲಪ್ಪಾ. ಅದ್ಕೂ ಹಿಂದೆ."

"ಎಷ್ಟು ಹಿಂದೆ?"

ಅವನು ಎದ್ದು ಕರವಸ್ತ್ರ ಕೊಡವಿದ. "ನೀನು ಕೊಬ್ರಿ ನೋಡ್ಕೋ. ಎಂಟನೇ ಕ್ಲಾಸ್ನೋರ್ಗೆ ಇದೆಲ್ಲಾ ಯಾಕೆ?" ಎಂದು ಹೆಗಲು ತಟ್ಟಿದ. ಅವನು ಓದಿದವನು, ಅದೂ ತುಂಬ ಓದಿದವನು. ಅವನ ತಲೆಯಲ್ಲಿ ಮೋಟಾರಿನ ವಿಷಯವಾಗಿ ಇರುವುದೆಲ್ಲ ಸರಿಯಾಗಿಯೇ ಇತ್ತು. ಮನುಷ್ಯರು ಒಟ್ಟಿಗೆ ಬದುಕಿದ್ದು ಹೇಗೆ, ಹೊಡೆದಾಡಿದ್ದು ಯಾಕೆ ಎಂಬುದಿರಬೇಕಾದ ಕಡೆ ಬರೀ ಫೋನಿಗೆ ಬಂದ ಚಿತ್ರಗಳಿದ್ದವು. ನನಗೆ ಅಂದು ಅಸಹ್ಯವಾದದ್ದು ಅವನ ಆಸೆಯಲ್ಲ, ಟಿಕೆಟ್ಟಿಗೆ ಆಸೆಪಡಲಿ. ಅಷ್ಟು ಓದಿಯೂ ತಲೆಯಲ್ಲಿನ ಆ ಖಾಲಿ ಜಾಗ ಅವನನ್ನು ಒಂದು ದಿನವೂ ಚುಚ್ಚಲಿಲ್ಲವಲ್ಲ, ಅದು.

ಸಂಜೆ ಹೋಗಿ ಭಾಯ್‌ಗೆ ಹೇಳಿದೆ. ಗುಡಿಯ ಪಕ್ಕದಲ್ಲೇ ಬದುಕು ಕಳೆದವನು, ನಮ್ಮ ಕನ್ನಡ ಅವನಿಗೆ ಚೆನ್ನಾಗಿ ಬರುತ್ತದೆ. ಕೈಯ ಹಗ್ಗ ನಿಲ್ಲಿಸದೆ ಕೇಳಿದ.

"ಮಾಪ್ಳೆ, ನಾನು ಯಾವಾಗ ನಿಮ್ಮನೆ ಎಣ್ಣು ಕೇಳ್ದೆ? ನನ್ಗೆ ಇರೋ ಒಬ್ಳೇ ಜಾಸ್ತಿ."

ನನ್ನ ಮುಖ ನೋಡಿ ಹಗ್ಗ ಕೆಳಗಿಟ್ಟ. "ಈ ಜಾಗ ಓದ್ರೆ ನಾನು ಮುಗ್ದೆ. ದನ ಇಡ್ಕೊಂಡು ಬರೋರ್ಗೆ ನನ್ನ ಎಸ್ರು ತಿಳೀದು, ಈ ಮೂಲೆ ತಿಳ್ದೈತೆ. ಈ ವಯಸ್ನಲ್ಲಿ ರೋಡ್ ಮ್ಯಾಲೆ ನನ್ಗೆ ಯಾರು ಅಂಗ್ಡಿ ಕೊಡ್ತಾರೆ? ನಿಮ್ಮ ಸಭೇಲಿ ಒಬ್ರಾದ್ರೂ ಬ್ಯಾಡ ಅಂತೀರಾ?"

"ನಾನು ಅಂತೀನಿ" ಎಂದೆ.

ನಮ್ಮ ಸಭೆ ಹೇಗೆ ನಡೆಯುತ್ತದೆ ಎಂದು ಹೇಳಬೇಕು. ಮಾತಾಡಬೇಕಾದವರು ಮಾತಾಡಿದ ಮೇಲೆ ಅಮ್ಮನ ಪಾದಕ್ಕೆ ಮುಟ್ಟಿಸಿದ ಎಲೆಯಡಿಕೆಯ ಹಿತ್ತಾಳೆ ತಟ್ಟೆ ಗಂಡಸರ ಸಾಲಿನಲ್ಲಿ ಹೋಗುತ್ತದೆ. ಎಲೆ ತೆಗೆದುಕೊಂಡರೆ ಒಪ್ಪಿಗೆ. ಕೈ ಎತ್ತುವುದಿಲ್ಲ, ಎಣಿಸುವುದಿಲ್ಲ. ಅಮ್ಮನ ಎಲೆ ಬೇಡವೆಂದವರು ಯಾರೂ ಇಲ್ಲ, ಆದ್ದರಿಂದ ನಮ್ಮಲ್ಲಿ ಎಲ್ಲ ತೀರ್ಮಾನವೂ ಒಮ್ಮನಸ್ಸಿನದು. ಇದನ್ನು ನಮ್ಮವರು ಕುಲದ ಒಗ್ಗಟ್ಟು ಎಂದು ಬೇರೆ ಕುಲದವರ ಮುಂದೆ ಜಂಭ ಕೊಚ್ಚುತ್ತಾರೆ. ಹೆಂಗಸರು ಹಿಂದೆ ಕೂರುತ್ತಾರೆ, ಅವರ ಕಡೆ ತಟ್ಟೆ ಹೋಗುವುದಿಲ್ಲ.

ಪೂಜೆಯ ದಿನ ಫ್ಲೆಕ್ಸ್ ಗುಡಿಗಿಂತ ಎತ್ತರಕ್ಕೆ ನಿಂತಿತ್ತು. ಕತೆಯನ್ನು ಈ ಸಲ ಹಿರಿಯರ ಬದಲು ಅಧ್ಯಕ್ಷನೇ ಮೈಕು ಹಿಡಿದು ಹೇಳಿದ. ಹೊಂಗೆಮರ ಒಂದೇ ಮಾತಿನಲ್ಲಿ ಬಾಗಿ ಹೋಯಿತು. ನಾಯಿ ಬರಲೇ ಇಲ್ಲ. ಹಸಿರು ಪೇಟದವನು ಮಾತ್ರ ಉದ್ದಕ್ಕೂ ಬಂದ. ನಮ್ಮ ಹೆಣ್ಣುಮಕ್ಕಳ ಮಾನ, ನಮ್ಮ ರಕ್ತ, ನಮ್ಮ ಅಮ್ಮನ ಬಾಗಿಲು ಎಂದ. ಕೊನೆಗೆ, "ಅವತ್ತು ನಮ್ಮನ್ನ ಓಡ್ಸಿದೋರ ಕುಲ ಇವತ್ತು ನಮ್ಮ ಅಮ್ಮನ ಗೋಡೆ ಪಕ್ಕ ಹಗ್ಗ ಮಾರ್ತಾ ಐತೆ" ಎಂದ. ಚಪ್ಪಾಳೆ ಬಿತ್ತು. ಚಪ್ಪಾಳೆ ತಟ್ಟಿದವರಲ್ಲಿ ಆ ದಿನ ಬೆಳಿಗ್ಗೆ ತಾನೇ ಪೂಜೆಯ ಎತ್ತಿಗೆ ಭಾಯ್ ಅಂಗಡಿಯಿಂದ ಗೆಜ್ಜೆ ಸರ ತಂದವನೂ ಇದ್ದ. ಅದು ಅಲ್ಲೇ ಎತ್ತಿನ ಕೊರಳಲ್ಲಿ ಘಲಘಲ ಎನ್ನುತ್ತಿತ್ತು.

ನಾನು ಎದ್ದು ನಿಂತೆ. ಬೇಕಾದಷ್ಟು ಹೇಳುವುದಿತ್ತು. ಬಾಯಿಗೆ ಬಂದದ್ದು ಮಾತ್ರ ಬೈಗುಳ. "ನಾಚ್ಕೆ ಆಗ್ಬೇಕು ನಿಮ್ಗೆ, ಹಬ್ಬಕ್ಕೆ ಹಗ್ಗ ಅವ್ನತ್ರ, ಸಭೇಲಿ ಚಪ್ಪಾಳೆ ಇವ್ನಿಗೆ" ಎಂದು ಕೂಗಿದೆ. ಇನ್ನೂ ಏನೇನೋ ಅಂದೆ, ಅಧ್ಯಕ್ಷನ ಟಿಕೆಟ್ಟಿನ ವಿಷಯ, ಅವನ ಕಾರಿನ ವಿಷಯ, ಅವರಪ್ಪನ ವಿಷಯವೂ ಬಂತು. ನಾಲ್ಕು ಕಡೆಯಿಂದ "ಕೂತ್ಕೋ, ಕೂತ್ಕೋ" ಎಂದರು. ನನ್ನ ಕೋಪ ಸರಿಯಾಗಿಯೇ ಇತ್ತು, ಆದರೆ ನನ್ನ ಹತ್ತಿರ ಇದ್ದದ್ದು ಅದೊಂದೇ. ಕೋಪವನ್ನು ಕೂರಿಸುವುದು ಸುಲಭ. ಕೂರಿಸಿದರು.

ಆಗ ಹಿಂದಿನಿಂದ ಮಗಳ ದನಿ ಬಂತು.

"ದೊಡ್ಡಪ್ಪಾ, ಒಂದ್ ಕೇಳ್ಬೌದಾ?"

"ಕೇಳು ಕಣ್ಣು. ನೀನು ಚರಿತ್ರೆ ಓದ್ದೋಳು ದಾನೇ."

"ಎಲೆ ತಗಂಡ್ರೆ ಒಪ್ಪಿಗೆ. ಸರಿ. ಒಪ್ದೆ ಇರೋರು ಏನ್ ತಗೋಬೇಕು?"

ಗಂಡಸರ ಸಾಲಿನಲ್ಲಿ ನಗು. ಮುದುಕರೊಬ್ಬರು ಹೇಳಿದರು, "ಒಪ್ದೆ ಇರೋರು ನಮ್ಮಲ್ಲಿ ಇಲ್ಲ ಕಣ್ಣು."

"ಈಗ ತಾನೇ ಒಬ್ರು ಎದ್ದು ಕೂಗಿದ್ರಲ್ಲ ತಾತಾ. ಅವ್ರನ್ನ ಎಲ್ಲಿ ಇಡ್ತೀರಾ?"

"ಅವ್ನೂ ಎಲೆ ತಗೋತಾನೆ, ನೋಡ್ತಾ ಇರು. ಅಮ್ಮನ ಎಲೆ ಬ್ಯಾಡ ಅಂತಾನಾ?"

"ಅದೇ ನಾನ್ ಏಳೋದು. ಅಮ್ಮಂಗೆ ಕೈ ಮುಗಿಯೋದು ಬೇರೆ, ಅಂಗ್ಡಿ ಖಾಲಿ ಮಾಡ್ಸೋದು ಬೇರೆ. ಎರಡನ್ನೂ ಒಂದೇ ತಟ್ಟೇಲಿ ಇಟ್ರೆ ಇಲ್ಲ ಅನ್ನಕ್ಕೆ ಜಾಗ ಎಲ್ಲೈತೆ? ನಮ್ಮೋರು ಅಷ್ಟು ದೂರ ಓಡ್ಬಂದಿದ್ದೇ ಇಲ್ಲ ಅನ್ನಕ್ಕೆ ಜಾಗ ಇಲ್ದೆ ಅಲ್ವಾ? ಕೈ ಎತ್ಸಿ ಎಣ್ಸಿ. ನಮ್ಮನ್ನೂ ಎಣ್ಸಿ, ನಾವೂ ಕುಲ್ದೋರು ದಾ."

ನಕ್ಕವರೆಲ್ಲ ಅವಳ ಕಡೆ ತಿರುಗಿ ಕೂತರು. ನನ್ನ ಎದೆ ಉಬ್ಬಿತು. ನಾನು ಇಷ್ಟೊತ್ತು ಕೂಗಿ ಆಗದ್ದನ್ನು ಅವಳು ಒಂದು ಪ್ರಶ್ನೆಯಿಂದ ಮಾಡಿದ್ದಳು. ಕಾಲೇಜಿನಲ್ಲಿ ಅವಳಿಗೆ ಕೊಟ್ಟದ್ದು ರಾಜರ ಹೆಸರುಗಳಲ್ಲ ಎಂದು ಅಂದು ತಿಳಿಯಿತು. ಎಲ್ಲರೂ ಹೌದೆನ್ನುವಾಗ ಅದರಲ್ಲಿ ಬಿರುಕು ಎಲ್ಲಿದೆ ಎಂದು ನೋಡುವ ಕಣ್ಣು ಕೊಟ್ಟಿದ್ದಾರೆ.

ಆದರೆ ಅಧ್ಯಕ್ಷ ಪೆದ್ದನಲ್ಲ. ಎಣಿಸುವ ಮಾತನ್ನು ಕಿವಿಗೇ ಹಾಕಿಕೊಳ್ಳದೆ ನಕ್ಕ. "ನ್ಯಾಯ ದಾ. ನಮ್ಮ ಎಣ್ಮಕ್ಕಳು ಕೇಳ್ತಾವ್ರೆ, ಈ ಸಲ ತಟ್ಟೆ ಅವ್ರ ಕಡೆ ಮೊದ್ಲು ಓಗ್ಲಿ" ಎಂದು ಮೈಕಿನಲ್ಲಿ ಹೇಳಿದ. ಫೋನು ಹಿಡಿದು ಚಿತ್ರ ತೆಗೆಯುವವರು ಓಡಿ ಬಂದರು. ಹುಟ್ಟಿದಾಗಿನಿಂದ ಆ ತಟ್ಟೆಯ ಬೆನ್ನು ಮಾತ್ರ ನೋಡಿದ್ದ ಹೆಂಗಸರು ಅದು ತಮ್ಮ ಮುಂದೆ ಬಂದದ್ದು ಕಂಡು ಸೆರಗು ಸರಿಮಾಡಿಕೊಂಡರು, ಕಣ್ಣಿಗೊತ್ತಿಕೊಂಡರು, ಎಲೆ ತೆಗೆದುಕೊಂಡರು. ಒಬ್ಬರ ಹಿಂದೊಬ್ಬರು ತೆಗೆದುಕೊಂಡರು. ಮಗಳು ತಾನು ಎಲೆ ಮುಟ್ಟದೆ ಪಕ್ಕದವಳಿಗೆ ಏನೋ ಹೇಳುತ್ತಿದ್ದಳು, ಆ ಪಕ್ಕದವಳೂ ತೆಗೆದುಕೊಂಡಳು. ನನ್ನ ತಾಯಿ ಎರಡು ಎಲೆ ತೆಗೆದುಕೊಂಡಳು. ನನ್ನ ಹೆಂಡತಿಯ ಕೈ ತಟ್ಟೆಯ ಹತ್ತಿರ ಹೋಗಿ, ಮಗಳ ಮುಖ ನೋಡಿ, ಹಿಂದಕ್ಕೆ ಬಂತು.

ಆಮೇಲೆ ಗಂಡಸರ ಸಾಲು. ನನ್ನ ಪಕ್ಕದಲ್ಲಿ ನನ್ನ ಜೊತೆಗೇ ಕಳದಲ್ಲಿ ದುಡಿದು ಬೆಳೆದ ಗೆಳೆಯ ಕೂತಿದ್ದ. ಭಾಯ್ ಅಂಗಡಿಯ ಹಲಗೆಯ ಮೇಲೆ ಕೂತು ನಾವಿಬ್ಬರೂ ಕುಡಿದ ಟೀಗೆ ಲೆಕ್ಕವಿಲ್ಲ. ಎಲೆ ತೆಗೆದುಕೊಂಡು ನನ್ನ ಕಿವಿಯಲ್ಲಿ, "ಬಾಯಿ ಒಣಗಿತ್ತು ಮಾರಾಯಾ" ಎಂದ. ಅವನ ಮುಖದ ಮೇಲೆ ಉಗಿಯುವಷ್ಟು ಸಿಟ್ಟು ಬಂತು. ನುಂಗಿಕೊಂಡೆ. ತಟ್ಟೆ ನನ್ನ ಮುಂದೆ ನಿಂತಿತು. ತೆಗೆ, ತೆಗೆ ಎಂದರು. ಅಮ್ಮನ ಗುಡಿಯ ಕಡೆ ಕೈ ಮುಗಿದೆ, ತಟ್ಟೆಯನ್ನು ಮುಂದಿನವನ ಕಡೆ ನೂಕಿದೆ. ಎಣಿಸುವವರಿಲ್ಲದ ಕಡೆ ನನ್ನ ಬೇಡ ಎಂಬುದು ಯಾವ ಲೆಕ್ಕಕ್ಕೂ ಸೇರಲಿಲ್ಲ. ತಟ್ಟೆ ಖಾಲಿಯಾಗಿ ಅಧ್ಯಕ್ಷನ ಹತ್ತಿರ ಹೋಯಿತು, ಅವನು "ಒಮ್ಮನಸ್ಸಿನಿಂದ" ಎಂದ.

ಮನೆಗೆ ಬರುವಾಗ ವ್ಯಾನಿನಲ್ಲಿ ನನ್ನ ತಾಯಿ ಆ ಎಲೆಗೆ ಸುಣ್ಣ ಸವರಿ ಮೆಲ್ಲುತ್ತಾ ಕೂತಿದ್ದಳು. ನನಗೆ ತಡೆಯಲಾಗಲಿಲ್ಲ.

"ದೊರೆ ಈಬೂತಿ ಬಳ್ದಿದ್ದ ಅಂದೋಳು ನೀನು. ನೀನ್ಯಾಕ್ ತಗಂಡೆ?"

"ಅಮ್ಮನ ಪರ್ಸಾದ ಕಣ್ಣು. ನನ್ಗೆ ಯಾವತ್ತು ಕೊಟ್ಟಿದ್ರು?"

"ಭಾಯ್ ಅಂಗ್ಡಿ ಓಯ್ತು."

"ಅಯ್ಯೋ, ಅದ್ಕಾ ಇದು?" ಎಂದಳು. ಮೆಲ್ಲುವುದನ್ನು ಮಾತ್ರ ನಿಲ್ಲಿಸಲಿಲ್ಲ.

ಮಗಳು ಕಿಟಕಿಯಾಚೆ ನೋಡುತ್ತಿದ್ದಳು. ಅಜ್ಜಿಯನ್ನು ಅನ್ನಬೇಡಿ ಎಂದಳು. ಅವಳಿಗೆ ನನ್ನಷ್ಟು ಅಸಹ್ಯವಾದಂತೆ ಕಾಣಲಿಲ್ಲ, ಅದೂ ನನಗೆ ಸಿಟ್ಟು ತಂದಿತು. ಹೆಂಗಸರನ್ನು ಒಂದು ದಿನವೂ ಕೇಳದೆ, ಕೇಳಿದ ದಿನ ಅವರು ಸರಿಯಾಗಿ ಹೇಳಬೇಕು ಎಂದರೆ ಹೇಗಪ್ಪಾ ಎಂದಳು. ತಾನೂ ತಪ್ಪಿದೆ, ಸಭೆಗೆ ಮೊದಲು ಮನೆಮನೆಗೆ ಹೋಗಿ ಮಾತಾಡಬೇಕಿತ್ತು ಎಂದಳು. ನನಗೆ ಇಂದಿಗೂ ಅಷ್ಟು ತಾಳ್ಮೆಯಿಲ್ಲ. ಎಲೆ ಮೆಲ್ಲುವ ಬಾಯಿಗಳನ್ನು ಕಂಡರೆ ಮುಖ ತಿರುಗಿಸಿಕೊಂಡು ಹೋಗುತ್ತೇನೆ.

ಭಾಯ್ ಖಾಲಿ ಮಾಡುವ ದಿನ ಮಗಳೂ ನಾನೂ ಹೋದೆವು. ನನ್ನ ಕಳದ ಮುಂದೆ ರಸ್ತೆಯ ಪಕ್ಕ ಶೆಡ್ಡು ಹಾಕಿಕೊಡುತ್ತೇನೆ, ಅಲ್ಲಿಗೆ ಬಾ ಎಂದೆ.

"ಇನ್ನೊಂದ್ಸಲ ನಿಮ್ಮೋರ ಗೋಡೆ ಪಕ್ಕಾನಾ? ಬ್ಯಾಡ ಮಾಪ್ಳೆ. ನೀನು ನಾಳೆ ಸತ್ತೋದ್ರೆ ನನ್ನ ಎಲ್ಲಿ ಇಡ್ತಾರೆ?" ಎಂದ. ದನದ ಸಂತೆಯ ಹಿಂದಿನ ಓಣಿಯಲ್ಲಿ ಅವನಿಗೊಂದು ಜಾಗ ಸಿಕ್ಕಿತ್ತು. ರಸ್ತೆಗೆ ಕಾಣುವುದಿಲ್ಲ.

ಮಗಳು ಹೇಳಿದಳು, ಇದನ್ನು ಹೀಗೆಯೇ ಬಿಡಬೇಕಾಗಿಲ್ಲ, ಸಂಘ ನೋಂದಣಿಯಾದದ್ದು, ಅದಕ್ಕೆ ನಿಯಮವಿದೆ, ಮೇಲಿನವರಿಗೆ ಬರೆಯಬಹುದು, ನ್ಯಾಯಾಲಯವಿದೆ.

"ಎಷ್ಟ್ ವರ್ಷ ಆಗುತ್ತಮ್ಮಾ?"

"ತಿಳೀದು ಮಾಮಾ" ಎಂದಳು, ಸುಳ್ಳು ಹೇಳದೆ.

"ಒಳ್ಳೇದು. ನೀನು ಓದು. ಆದ್ರೆ ಸ್ವಲ್ಪ ಬೇಗ ಓದು."

ಅವನು ಅದನ್ನು ತಮಾಷೆಗೆ ಹೇಳಿರಲಿಲ್ಲ. ನಮ್ಮಿಬ್ಬರ ಮೇಲೂ ಅವನಿಗೆ ಕೋಪವಿತ್ತು. ಇರಬೇಕಾದ್ದೇ. ಗಂಟೆಗಳ ಮೂಟೆಯನ್ನು ಟೆಂಪೋಗೆ ಎತ್ತಿ ಹಾಕುವಾಗ ನಾನು ಕೈ ಕೊಡಲು ಹೋದರೆ, "ಬುಡು" ಎಂದು ತಾನೇ ಎತ್ತಿದ.

ಅಂಗಡಿಯ ಜಾಗದಲ್ಲಿ ಈಗ ಚರಿತ್ರೆ ಮಂಟಪವಿದೆ. ಮಂಟಪವೆಂದರೆ ಗೋಡೆಗೆ ಹೊಡೆದ ಅದೇ ಫ್ಲೆಕ್ಸ್, ಒಂದು ಟ್ಯೂಬ್‌ಲೈಟ್, ಅಧ್ಯಕ್ಷನ ಹೆಸರಿನ ಕಲ್ಲು. ಅವನಿಗೆ ಟಿಕೆಟ್ಟು ಸಿಗಲಿಲ್ಲ. ಅದರಿಂದ ನನಗೆ ಯಾವ ಸಂತೋಷವೂ ಆಗಲಿಲ್ಲ, ಫ್ಲೆಕ್ಸೇನೂ ಇಳಿಯಲಿಲ್ಲವಲ್ಲ. ಶಾಲೆಯ ಮಕ್ಕಳು ಬಸ್ಸಿಗೆ ಕಾಯುತ್ತಾ ಅದರ ಮುಂದೆ ನಿಲ್ಲುತ್ತಾರೆ, ಕೆಂಪು ಕಣ್ಣಿನವನನ್ನು ನೋಡುತ್ತಾರೆ. ಅವರಿಗೆ ಅದೇ ಪಾಠ. ಕಾಲೇಜಿನಲ್ಲಿ ಚರಿತ್ರೆ ಓದುವವರನ್ನು ಗೇಲಿ ಮಾಡುವ ಊರು ಬೀದಿಯಲ್ಲಿ ಪುಕ್ಕಟೆ ಚರಿತ್ರೆ ಹಂಚುತ್ತದೆ.

ಮೊನ್ನೆ ಮಗಳನ್ನು ಕೊಯಮತ್ತೂರಿನ ಬಸ್ಸಿಗೆ ಹತ್ತಿಸಲು ಅಲ್ಲೇ ನಿಂತಿದ್ದೆ. ದೂರದ ಊರಿನವನೊಬ್ಬ ಒಂದು ಎತ್ತು ಹಿಡಿದುಕೊಂಡು ಬಂದ. ಮಂಟಪದ ಮುಂದೆ ನಿಂತು ಅತ್ತ ಇತ್ತ ನೋಡಿದ. ಹಗ್ಗದಂಗಡಿ ಭಾಯ್ ಎಲ್ಲಿ ಎಂದು ತಮಿಳಿನಲ್ಲಿ ಕೇಳಿದ.

ಹೊರಗಿನವನು. ಅವನ ಮುಂದೆ ನಮ್ಮ ಕುಲದ ಮಾನ ಯಾಕೆ ಕಳೆಯಲಿ ಎನ್ನಿಸಿತು. "ಅವ್ನೇ ಬುಟ್ಟು ಓದ" ಎಂದು ನಾನೂ ತಮಿಳಿನಲ್ಲೇ ಹೇಳಿದೆ.

"ಇಲ್ಲಣ್ಣಾ" ಎಂದು ಮಗಳು ನನ್ನನ್ನು ದಾಟಿ ಮುಂದೆ ಬಂದಳು. "ನಾವು ಖಾಲಿ ಮಾಡ್ಸಿದ್ವಿ. ಈ ಗುಡಿಯೋರು." ಯಾಕೆ ಎಂದು ಅವನು ಕೇಳಿದ. ಅವಳು ಮೊದಲಿನಿಂದ ಹೇಳಿದಳು, ಕತೆ, ಚಿತ್ರ, ಸಭೆ, ಭಾಯ್ ಈಗಿರುವ ಓಣಿ, ಎಲ್ಲ. ಬಸ್ಸು ಬಂತು, ಹೋಯಿತು. ಅವಳು ಹತ್ತಲಿಲ್ಲ. ಅವನು ಕೇಳಿ ಮುಗಿಸಿ ಫ್ಲೆಕ್ಸ್ ನೋಡಿದ, ನನ್ನನ್ನು ನೋಡಿದ, ಪಕ್ಕಕ್ಕೆ ಉಗಿದ. ಸಂತೆಯ ಹಿಂದಿನ ಓಣಿಗೆ ದಾರಿ ಕೇಳಿದ. ಮಗಳು ಅವನ ಜೊತೆಗೇ ತೋರಿಸಲು ಹೊರಟಳು. ನಾನು ಅವಳ ಚೀಲ ಹಿಡಿದು ಹಿಂದೆ ನಡೆದೆ. ಎತ್ತಿನ ಮೂಗುದಾರ ಸವೆದು ನೂಲಾಗಿತ್ತು.